ಪಡ್ಡಿನ ಹಂಚಿನಲ್ಲಿ ಶುರುವಾದ ಜುಮುಕಿ

ಜೂನ್ 8

ಮಣ್ಣು ಬಂತು. ಮೈಸೂರಿನ ಕುಂಬಾರಗೇರಿಯ ಒಬ್ಬ ಅಜ್ಜ ಕೊಟ್ಟಿದ್ದು, ಐದು ಕೆ.ಜಿ. ಕೆರೆ ಮಣ್ಣು. ಅವರೇ ಸೋಸಿ, ನಾದಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದರು. ಬೆಲೆ 100 ರೂಪಾಯಿ. ಕಳೆದ ವರ್ಷ ಎರಡು ದಿನದ ಶಿಬಿರದಲ್ಲಿ ಮಣ್ಣಿನ ಒಡವೆ ಕಲಿತಿದ್ದೆ. ಆಮೇಲೆ ನನಗೆ, ತಂಗಿಗೆ ಅಂತ ಒಂದೆರಡು ಪೆಂಡೆಂಟ್ ಮಾಡಿದ್ದು ಬಿಟ್ಟರೆ ಏನೂ ಮಾಡಿರಲಿಲ್ಲ. ಈ ಸಲ ಮಾರಿಯೇ ನೋಡೋಣ ಅಂತ. ಬಂಡವಾಳ 3,000 ರೂಪಾಯಿ. ಅದು ಮುಗಿದು ಏನೂ ವಾಪಸ್ ಬರದಿದ್ದರೆ ಅಂಗಡಿ ಬಂದ್, ಇದು ಮನೆಯವರ ಜೊತೆ ಆದ ಮಾತು.

ಜುಮುಕಿಗೆ ಗುಮ್ಮಟ ಬೇಕಲ್ವಾ? ಅಚ್ಚು ಇರಲಿಲ್ಲ. ಅತ್ತೆಯ ಪಡ್ಡಿನ ಹಂಚಿನ ಗುಳಿಗೆ ಪೌಡರ್ ಉದುರಿಸಿ ಮಣ್ಣು ಒತ್ತಿದೆ. ಚೆನ್ನಾಗಿಯೇ ಬಂತು. ಹಂಚನ್ನು ಎರಡು ಸಲ ತೊಳೆದಿಟ್ಟರೂ ಮಾರನೇ ದಿನದ ಪಡ್ಡು ತಿನ್ನುವಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

ಜೂನ್ 17

ಮೊದಲ ಜೊತೆ ಒಣಗಿ, ಅಜ್ಜನ ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಗೂಡಿನಲ್ಲಿ, ಹಣತೆಗಳ ಮಧ್ಯೆ ಸುಟ್ಟು ಬಂತು. ಕೆಂಪು ಬಣ್ಣ ನೋಡಿ ಎಷ್ಟು ಖುಷಿ! ಕಿವಿಗೆ ಹಾಕಿಕೊಂಡು ಅಡುಗೆ ಮಾಡಿದೆ. ಅನ್ನ ಬೇಯುವಷ್ಟರಲ್ಲಿ ಕಿವಿ ಜಗ್ಗಿ ನೋವು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ ಒಂದು ಸಲ 13, ಇನ್ನೊಂದು ಸಲ 15. ಸಣ್ಣ ತೂಕದ ಪುಟ್ಟ ಡಿಜಿಟಲ್ ತಕ್ಕಡಿ ತರಿಸಿದೆ, 350 ರೂಪಾಯಿ. ಒಂದೊಂದು ಜುಮುಕಿ 14 ಗ್ರಾಮ್! ಚಿನ್ನವಾಗಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ ಬಿಡಿ.

ತಪ್ಪು ಎರಡು ಕಡೆ ಇತ್ತು. ಗುಮ್ಮಟ ನಾಲ್ಕು ಸೆಂಟಿಮೀಟರ್ ಅಗಲ, ಗೋಡೆ ಮೂರು ಮಿಲಿಮೀಟರ್ ದಪ್ಪ. ಈಗ ಅಳತೆ ಚಮಚಗಳ ಸೆಟ್ಟಿನಿಂದ ಸಣ್ಣ ಗುಂಡು ಚಮಚವೊಂದನ್ನು ಅಚ್ಚಿಗೆ ತೆಗೆದುಕೊಂಡಿದ್ದೇನೆ. ದಪ್ಪಕ್ಕೆ ಒಂದು ಉಪಾಯ ಸಿಕ್ಕಿತು: ಮಣ್ಣಿನ ಎರಡೂ ಪಕ್ಕ ಒಂದೊಂದು ಐಸ್‌ಕ್ರೀಮ್ ಕಡ್ಡಿ ಇಟ್ಟು, ಅವುಗಳ ಮೇಲೆ ಲಟ್ಟಣಿಗೆ ಉರುಳಿಸುವುದು. ಕಡ್ಡಿ ಎಷ್ಟು ದಪ್ಪವೋ ಮಣ್ಣೂ ಅಷ್ಟೇ, ಎರಡು ಮಿಲಿಮೀಟರ್. ಎಲ್ಲೂ ಉಬ್ಬುತಗ್ಗು ಇಲ್ಲ.

ಜೂನ್ 30

6.4 ಗ್ರಾಮ್! ಮೇಲಿನ ಬಿಲ್ಲೆ, ಕೆಳಗಿನ ಮಣಿ ಎಲ್ಲ ಸೇರಿ. ದಿನವಿಡೀ ಹಾಕಿಕೊಂಡಿದ್ದೆ, ಮರೆತೇಹೋಗಿತ್ತು.

ಇನ್ನೊಂದು ವಿಷಯವೂ ತಿಳಿಯಿತು. ಹಸಿಯಲ್ಲಿ 3.2 ಸೆಂಟಿಮೀಟರ್ ಇದ್ದದ್ದು ಸುಟ್ಟ ಮೇಲೆ 2.9 ಆಗುತ್ತದೆ. ಇವತ್ತು ಎಡಗಿವಿಯದ್ದು, ನಾಳೆ ಬಲಗಿವಿಯದ್ದು ಮಾಡಿದರೆ ಮಣ್ಣಿನ ನೀರು ಬೇರೆ ಬೇರೆ ಇದ್ದು ಜೋಡಿ ಹೊಂದುವುದಿಲ್ಲ. ಎರಡನ್ನೂ ಒಂದೇ ಮುದ್ದೆಯಿಂದ, ಒಂದೇ ಕೂತಲ್ಲಿ ಮಾಡಬೇಕು. ಫೋನ್ ಬಂದರೂ ಏಳಬಾರದು.

ಕುಣಿಕೆಯದ್ದೇ ದೊಡ್ಡ ಕಥೆ. ಹಳೇ ವೈರಿನ ತಾಮ್ರದ ಎಳೆ ಹಾಕಿದ್ದೆ. ಬೆಂಕಿಯಿಂದ ಹೊರಗೆ ಬಂದಾಗ ಕರ್ರಗಾಗಿ, ಉಗುರು ತಾಗಿಸಿದರೆ ಪುಡಿಪುಡಿ. ಜುಮುಕಿ ಸರಿ ಇದೆ, ನೇತುಹಾಕೋಕೆ ಏನೂ ಇಲ್ಲ. ಕೊನೆಗೆ ರಿಪೇರಿ ಅಂಗಡಿಯಲ್ಲಿ ಹಳೇ ಕಾಲದ ಎಲೆಕ್ಟ್ರಿಕ್ ಒಲೆಯ ಕಾಯಿಲ್ ಸಿಕ್ಕಿತು, 40 ರೂಪಾಯಿ. ಅದು ನಿಕ್ರೋಮ್, ನಿಕಲ್ ಮತ್ತು ಕ್ರೋಮಿಯಂ ಬೆರೆತ ತಂತಿ. ಕೆಂಪಗೆ ಕಾಯುವುದೇ ಅದರ ಕೆಲಸ, ಆವಿಗೆಗೆ ಹೆದರುತ್ತದೆಯೇ? ಸುರುಳಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದು ನೇರ ಮಾಡಿ, ಪೆನ್ನಿನ ರೀಫಿಲ್‌ಗೆ ಒಂದು ಸುತ್ತು ಸುತ್ತಿ, ಬಾಲವನ್ನು ಹುರಿ ಮಾಡಿ ಹಸಿ ಮಣ್ಣಿನಲ್ಲಿ ನೆಟ್ಟರೆ ಆಯಿತು. ಒಂದು ಕಾಯಿಲ್‌ನಿಂದ ನೂರಕ್ಕೂ ಜಾಸ್ತಿ ಕುಣಿಕೆ.

ಜುಲೈ

ಆಷಾಢ. ಹೊರಗೆ ಜಿಟಿಜಿಟಿ ಮಳೆ. ನಾಲ್ಕು ದಿನಕ್ಕೆ ಒಣಗುತ್ತಿದ್ದದ್ದು ಒಂಬತ್ತು ದಿನವಾದರೂ ತಣ್ಣಗೇ ಇರುತ್ತದೆ. ಒಣಗಿದೆಯೋ ಇಲ್ಲವೋ ಅಂತ ಕೆನ್ನೆಗೆ ಇಟ್ಟು ನೋಡುತ್ತೇನೆ. ತಂಪು ಅನಿಸಿದರೆ ಇನ್ನೂ ನೀರಿದೆ ಅಂತ. ಒಂದು ದಿನ ತಾಳ್ಮೆ ಕೆಟ್ಟು ಏಳು ಜೊತೆ ಹಾಗೇ ಒಯ್ದೆ. ಒಳಗಿನ ನೀರು ಒಮ್ಮೆಲೇ ಆವಿಯಾಗಿ ಐದು ಜೊತೆ ಚೂರು. ಅಜ್ಜ ಬಯ್ಯಲಿಲ್ಲ. “ಮಣ್ಣಿನ ಬೆವರು ಆರಲಿ ಕಣವ್ವ, ಆಮೇಲೆ ಬೆಂಕಿ ತೋರ್ಸು” ಅಂದರು ಅಷ್ಟೇ.

ಇದರ ಮಧ್ಯೆಯೇ ಮೊದಲ ವ್ಯಾಪಾರ. ಮೊದಲು ಸುಟ್ಟಿಟ್ಟಿದ್ದ ಒಂಬತ್ತು ಜೊತೆಯನ್ನು ಪರಿಚಯದವರಿಗೇ 150ರಂತೆ ಕೊಟ್ಟೆ. ನಾಲ್ಕನೇ ದಿನ ಒಬ್ಬರು ಫೋಟೊ ಕಳಿಸಿದರು. ಕಿವಿಯ ತೂತಿನ ಸುತ್ತ ಕೆಂಪಾಗಿ ನೀರು ಸೋರುತ್ತಿತ್ತು. ಮಣ್ಣಿನ ತಪ್ಪಲ್ಲ, ಹುಕ್ಕಿನದ್ದು. ಒಂದು ಜೊತೆಗೆ ಎರಡು ರೂಪಾಯಿಯ ಹುಕ್ಕು ತಂದಿದ್ದೆ. ಅಗ್ಗದ ಹುಕ್ಕುಗಳ ಲೇಪದಲ್ಲಿ ನಿಕಲ್ ಇರುತ್ತದೆ, ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ. ನನ್ನ ಕುಣಿಕೆಯಲ್ಲೂ ನಿಕಲ್ ಇದೆ, ಆದರೆ ಅದು ಕಿವಿಗೆ ತಾಗುವುದಿಲ್ಲ. ಒಂಬತ್ತೂ ಜನರಿಂದ ವಾಪಸ್ ತರಿಸಿ ಸರ್ಜಿಕಲ್ ಸ್ಟೀಲ್ ಹುಕ್ಕು ಹಾಕಿ ಕೊಟ್ಟೆ, ಒಂದು ಜೊತೆ ಹುಕ್ಕಿಗೆ 9 ರೂಪಾಯಿ. ಆ ದಿನ ಆದ ನಾಚಿಕೆ ಮಾತ್ರ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಆಗಸ್ಟ್, ವರಮಹಾಲಕ್ಷ್ಮಿ ಹಬ್ಬಕ್ಕೆ 12 ದಿನ

ಪಕ್ಕದ ಬೀದಿಯ ಆಂಟಿ ಕೇಳಿದರು, “ತಾಂಬೂಲದ ಜೊತೆ ಕೊಡೋಕೆ ಹದಿನೈದು ಜೊತೆ ಮಾಡಿಕೊಡ್ತೀಯೇನಮ್ಮ?” ಬೆಲೆ ಹೇಳಿದೆ. “180ಆ? ಮಣ್ಣೇ ಅಲ್ವಾ?” ಕೊನೆಗೆ 110ಕ್ಕೆ ಒಪ್ಪಿದೆ. ಮಣ್ಣು, ಬಣ್ಣ, ಹುಕ್ಕು, ಡಬ್ಬಿ, ಸುಡುವ ಖರ್ಚು ಸೇರಿ ಒಂದು ಜೊತೆಗೆ 46 ಬೀಳುತ್ತದೆ. ಒಂದೂವರೆ ಗಂಟೆ ಕೈಕೆಲಸ ಬೇರೆ. 64 ರೂಪಾಯಿಗೆ ಒಂದೂವರೆ ಗಂಟೆ. ಒಪ್ಪಿಕೊಂಡ ಮೇಲೆ ಲೆಕ್ಕ ಹಾಕಿದೆ, ಅದೇ ಬುದ್ಧಿ.

ಅಜ್ಜನ ಹತ್ತಿರ ಹೋದರೆ ಆವಿಗೆ ತಣ್ಣಗೆ ಬಿದ್ದಿದೆ. ಮನೆ ತುಂಬ ಗಣೇಶ. ನೀರಿನಲ್ಲಿ ಕರಗಬೇಕಾದ ಮೂರ್ತಿಗಳನ್ನು ಸುಡುವುದಿಲ್ಲ. ಚೌತಿ ಮುಗಿಯುವವರೆಗೆ ಅವರಿಗೆ ಬೆಂಕಿಯ ಕೆಲಸವೇ ಇಲ್ಲ. ನನಗೆ ಹೊಳೆದಿರಲೇ ಇಲ್ಲ ನೋಡಿ!

ತಾರಸಿಯಲ್ಲೇ ಸುಟ್ಟೆ. ದೊಡ್ಡ ಹೂಕುಂಡ, ಕೆಳಗೆ ಇದ್ದಿಲು, ಜುಮುಕಿಗಳಿದ್ದ ಸಣ್ಣ ಮಡಕೆ, ಸುತ್ತ ಬೆರಣಿ, ಮೇಲೆ ಭತ್ತದ ಹೊಟ್ಟು. ಮೊದಲ ಒಂದು ಗಂಟೆ ಸಣ್ಣ ಕಾವು, ಆಮೇಲೆ ಜೋರು. ಹೊಗೆ ನೇರವಾಗಿ ಓನರ್ ಆಂಟಿಯ ಬೆಡ್‌ಶೀಟಿಗೆ. ಅವರಿಗೆ ಒಂದು ಜೊತೆ ಲಂಚ ಆಯಿತು.

ತಣ್ಣಗಾದ ಮೇಲೆ ಬೆರಳಲ್ಲಿ ತಟ್ಟಿದೆ. ಬೆಂದದ್ದು ಠಣ್ ಅನ್ನುತ್ತದೆ, ಬೇಯದ್ದು ದಬ್ ಅನ್ನುತ್ತದೆ. ಅನುಮಾನ ಇದ್ದದ್ದನ್ನೆಲ್ಲ ರಾತ್ರಿ ನೀರಲ್ಲಿ ಹಾಕಿ ಮಲಗಿದೆ. ಸುಮಾರು 600 ಡಿಗ್ರಿ ದಾಟಿದರೆ ಮಣ್ಣಿನ ಕಣದೊಳಗಿನ ನೀರೂ ಹೋಗಿಬಿಡುತ್ತದೆ, ಅದು ಮತ್ತೆ ಕೆಸರಾಗುವುದಿಲ್ಲ. ಬೆಳಿಗ್ಗೆ ನೋಡಿದರೆ ನಾಲ್ಕರ ಅಂಚು ಕರಗಿ ಬಟ್ಟಲಿನ ತಳದಲ್ಲಿ ಕೂತಿತ್ತು. ಇನ್ನೂ ಆರು ಜೊತೆ ಗಟ್ಟಿ ಬೆಂದಿವೆ, ಆದರೆ ಪೂರ್ತಿ ಕಪ್ಪು. ಆ ಕಡೆ ಬೂದಿ ಮುಚ್ಚಿಕೊಂಡು ಗಾಳಿ ಆಡಿಲ್ಲ, ಹೊಗೆಯ ಮಸಿ ಒಳಗೆ ಇಳಿದಿದೆ. ಕೆಂಪಿಗಿಂತ ನನಗೆ ಅದೇ ಇಷ್ಟವಾಯಿತು, ಹಳೇ ಕಲ್ಲಿನ ವಿಗ್ರಹದ ಹಾಗೆ. ಪಕ್ಕದ ಬೀದಿಯ ಆಂಟಿ ನೋಡಿ, “ಹಬ್ಬಕ್ಕೆ ಕಪ್ಪು ಕೊಡ್ತಾರೇನೇ?” ಅಂದರು. ಸರಿಯೇ. ಮತ್ತೊಂದು ಸಲ ಸುಟ್ಟು, ಕೆಂಪು, ಹಸಿರು, ಬಂಗಾರದ ಬಣ್ಣ ಹಚ್ಚಿ ಹದಿನೈದು ಮುಗಿಸಿದೆ. ಹಬ್ಬದ ಹಿಂದಿನ ರಾತ್ರಿ ವಾರ್ನಿಷ್ ಒಣಗಲಿಲ್ಲ, ಫ್ಯಾನ್ ಮುಂದೆ ದಾರಕ್ಕೆ ನೇತುಹಾಕಿ ಎರಡು ಗಂಟೆಗೆ ಮಲಗಿದೆ.

ಸೆಪ್ಟೆಂಬರ್ 20

ಆ ಆರು ಕಪ್ಪು ಜೊತೆಗಳು ಒಂದೇ ವಾರದಲ್ಲಿ ಹೋದವು. 180ಕ್ಕೆ, ಚೌಕಾಸಿ ಇಲ್ಲದೆ, ಎಲ್ಲ ಕಾಲೇಜು ಹುಡುಗಿಯರೇ. ಧಾರವಾಡಕ್ಕೆ ಅಂಚೆಯಲ್ಲಿ ಕಳಿಸಿದ್ದು ಮಾತ್ರ ಒಡೆದು ತಲುಪಿತು. ಎರಡು ಜುಮುಕಿ ಒಂದೇ ಪೊಟ್ಟಣದಲ್ಲಿ ಒಂದಕ್ಕೊಂದು ಬಡಿದುಕೊಂಡಿವೆ. ಒಂದೊಂದನ್ನೂ ಬೇರೆ ಸುತ್ತಿ, ಗುಮ್ಮಟದ ಒಳಗೂ ಹತ್ತಿ ತುಂಬಿ ಬದಲಿ ಕಳಿಸಿದೆ.

ಇಲ್ಲಿಯವರೆಗೆ ಮಾರಿದ್ದು 30 ಜೊತೆ. ಬಂದದ್ದು 4,080, ಖರ್ಚು 3,310, ಕೈಯಲ್ಲಿ 770. ಸಣ್ಣ ಉದ್ಯಮಗಳಿಗೆ ಅಂತ ಸರ್ಕಾರದ್ದೇ ಇರುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಮಾಡಿಕೊಂಡೆ, ಅದಕ್ಕೆ ಶುಲ್ಕ ಇಲ್ಲ. ದುಡ್ಡು ಕೇಳುವ ಮಧ್ಯವರ್ತಿ ಸೈಟುಗಳಿವೆ, ಸರ್ಕಾರದ್ದನ್ನೇ ನೋಡಿ ತೆರೆಯಬೇಕು. ಜಿಎಸ್‌ಟಿ ಬಗ್ಗೆ ಕೇಳಿದಾಗ, ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಬೇಡ ಅಂದರು. ಮನೆಯವರು ಕ್ಯಾಲ್ಕುಲೇಟರ್ ತೆಗೆದು ನನ್ನ 4,080ಕ್ಕೆ ಎಷ್ಟು ವರ್ಷ ಬೇಕು ಅಂತ ಲೆಕ್ಕ ಹಾಕುತ್ತಾ ಕೂತರು.

ಅಜ್ಜ ಮೊಮ್ಮಗಳಿಗೆ ಒಂದು ಜೊತೆ ಕೇಳಿದರು. ದುಡ್ಡು ಬೇಡ ಅಂದೆ. ಅಂಗೈಯಲ್ಲಿ ಇಟ್ಟುಕೊಂಡು, ತಿರುಗಿಸಿ, ಒಳಗಡೆ ಬೆರಳಾಡಿಸಿ, “ಇಲ್ಲಿ ಸ್ವಲ್ಪ ದಪ್ಪ ಆಗೈತೆ” ಅಂದರು. ಮನೆಗೆ ಬಂದು ಅದೇ ದಿನ ಮಾಡಿದ್ದ ಇನ್ನೊಂದು ಜೊತೆ ತೂಗಿದೆ, ಒಂದೊಂದು ಜುಮುಕಿ 7.1 ಗ್ರಾಮ್.

ದಸರೆಗೆ ಇಪ್ಪತ್ತು ಜೊತೆ ಮಂಚದ ಕೆಳಗೆ ನೆರಳಲ್ಲಿ ಒಣಗುತ್ತಿವೆ. ಹನ್ನೆರಡು ಜೊತೆಯನ್ನು ಈ ಸಲ ಬೇಕಂತಲೇ ಕಪ್ಪು ಸುಡಬೇಕು. ಮಡಕೆಗೆ ಹೊಟ್ಟು ತುಂಬಿ, ಅದರ ಬಾಯಿಗೆ ಮಣ್ಣು ಮೆತ್ತಿ, ಗಾಳಿ ಬಂದ್. ಅಜ್ಜನ ಆವಿಗೆ ಭಾನುವಾರ ಹೊತ್ತುತ್ತದಂತೆ. ಬೆಳಿಗ್ಗೆ ಒಂದನ್ನು ಕೆನ್ನೆಗೆ ಇಟ್ಟು ನೋಡಿದೆ, ಇನ್ನೂ ತಂಪು.