ಕರೆಂಟ್ ಎಲ್ಲಾ ಒಂದೇ ಸಲ ಯಾಕೆ ಕೊಡಲ್ಲ

15 ಮಾರ್ಚ್ 2024, ಶುಕ್ರವಾರ
ದಾವಣಗೆರೆ

ಬಾಯಿ ಕ್ಯಾನ್ಸರಿಗೆ ‘ಕರೆಂಟ್’ (ರೇಡಿಯೇಷನ್ ಚಿಕಿತ್ಸೆ) ಕೊಡಿಸಲು ಚನ್ನಗಿರಿ, ಜಗಳೂರು ಕಡೆಯಿಂದ ಬಸ್ಸಿನಲ್ಲಿ ಬರುವವರು ಮೊದಲ ವಾರವೇ ಕೇಳುತ್ತಾರೆ: “ಏಳು ವಾರ ಯಾಕ್ರೀ ಓಡಾಡಸ್ತೀರಿ, ಎಲ್ಲಾ ಒಂದೇ ಸಲ ಕೊಟ್ಬಿಡ್ರಿ.” ಎರಡು ಸಿಟಿಂಗ್ ನಡುವಿನ ಬಿಡುವೂ ಚಿಕಿತ್ಸೆಯೇ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಸಾಮಾನ್ಯ ಲೆಕ್ಕ ದಿನಕ್ಕೆ 2 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ), ವಾರಕ್ಕೆ 5 ದಿನ, 35 ಸಿಟಿಂಗ್, ಒಟ್ಟು 70 ಗ್ರೇ. (ಹೆಸರು ಕರೆಂಟ್ ಆದರೂ ಮೈಗೆ ಬೀಳುವುದು ಎಕ್ಸ್-ರೇ.) 1 ಗ್ರೇ ಬಿದ್ದರೆ ಒಂದು ಜೀವಕೋಶದ ಡಿಎನ್‌ಎಯಲ್ಲಿ ಸುಮಾರು 1000 ಕಡೆ ಒಂಟಿ ಎಳೆ ಹರಿಯುತ್ತದೆ, 30–40 ಕಡೆ ಎರಡೂ ಎಳೆ ತುಂಡಾಗುತ್ತವೆ. ಇದರಲ್ಲಿ ಮೂರರಲ್ಲಿ ಎರಡು ಪಾಲು ಕೋಶದೊಳಗಿನ ನೀರು ಒಡೆದು ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚುರುಕು ಕಣ ಮಾಡುವ ಹಾವಳಿ.

ಒಂಟಿ ಎಳೆ ಹರಿದರೆ ಚಿಂತೆಯಿಲ್ಲ. ಎದುರಿನ ಎಳೆ ನೋಡಿಕೊಂಡು ಕೋಶ ನಿಮಿಷಗಳಲ್ಲಿ ತೇಪೆ ಹಾಕುತ್ತದೆ. ಎರಡೂ ತುಂಡಾದರೆ ಕಷ್ಟ. ಕು (Ku) ಎಂಬ ಪ್ರೋಟೀನ್ ತುದಿಗಳನ್ನು ಹಿಡಿಯುತ್ತದೆ, ಹಾಳಾದ ಅಂಚು ಸವರಿದ ಮೇಲೆ ಲೈಗೇಸ್ ಎಂಬ ಕಿಣ್ವ ಜೋಡಿಸುತ್ತದೆ. ಮಗ್ಗದಲ್ಲಿ ಕಡಿದ ನೂಲಿಗೆ ಗಂಟು ಹಾಕಿದ ಹಾಗೆ: ನೇಯ್ಗೆ ನಿಲ್ಲುವುದಿಲ್ಲ, ಡಿಎನ್‌ಎಯ ಒಂದೆರಡು ಅಕ್ಷರ ಹೋಗಿರುತ್ತವೆ. ಗಂಟು ಬೇರೊಂದು ವರ್ಣತಂತುವಿನ ತುದಿಗೆ ಬಿದ್ದರೆ ಮುಂದಿನ ವಿಭಜನೆಯಲ್ಲಿ ಎರಡೂ ಕಡೆ ಎಳೆದಾಡಿ ಕೋಶವೇ ಸಾಯಬಹುದು. ಡಿಎನ್‌ಎ ನಕಲಾದ ಮೇಲೆ ತುಂಡಾದರೆ ಅದೃಷ್ಟ. ಬಿಆರ್‌ಸಿಎ2, ರ‍್ಯಾಡ್51 ಎಂಬ ಪ್ರೋಟೀನ್‌ಗಳು ಸೇರಿ ಜೋಡಿ ಪ್ರತಿ ನೋಡಿ ಸರಿಯಾಗಿ ಬರೆಯುತ್ತವೆ.

ಕೋಶದ ಸಾವು ವಿಭಜನೆಯ ಹೊತ್ತಿಗೆ ಬರುವುದರಿಂದ ಕರೆಂಟಿನ ಬಾಯಿಹುಣ್ಣೂ ತಡ. ಮೇಲ್ಪದರ ಸವೆದು, ತಳದಿಂದ ಹೊಸ ಕೋಶ ಬಾರದೆ, ಎರಡನೇ-ಮೂರನೇ ವಾರ ಉರಿ ಶುರು. ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಬೇಕು. ಮೆಣಸಿನಕಾಯಿ-ಮಂಡಕ್ಕಿ ಹುಣ್ಣು ಮಾಯುವವರೆಗೆ ಬೇಡ. ಬೀಡಿಯಂತೂ ಬೇಡವೇ ಬೇಡ: ಹೊಗೆಯಿಂದ ರಕ್ತ ಒಯ್ಯುವ ಆಮ್ಲಜನಕ ಕಡಿಮೆಯಾಗುತ್ತದೆ, ಗೆಡ್ಡೆಗೆ ಆಮ್ಲಜನಕ ಸಿಗದಿದ್ದರೆ ಅಷ್ಟೇ ಕೋಶ ಕೊಲ್ಲಲು 2.5–3 ಪಟ್ಟು ಡೋಸ್ ಬೇಕಾಗುತ್ತದೆ.

ಬಿಡುವಿನಲ್ಲಿ ಒಳ್ಳೆಯ ಕೋಶ ಗೆಡ್ಡೆಯ ಕೋಶಕ್ಕಿಂತ ಚೆನ್ನಾಗಿ ರಿಪೇರಿ ಮಾಡಿಕೊಳ್ಳುತ್ತದೆ. 70 ಗ್ರೇ ಒಂದೇ ಸಲ ಸುರಿದರೆ ದವಡೆ ಮೂಳೆಗಾಗಲಿ ಚರ್ಮಕ್ಕಾಗಲಿ ಗಂಟು ಹಾಕಿಕೊಳ್ಳಲು ಪುರುಸೊತ್ತು ಸಿಗದು. ಮಷಿನ್ ಕೆಟ್ಟು ದಿನ ತಪ್ಪಿದರೆ ಶನಿವಾರ ಕೊಡುತ್ತಾರೆ, ಇಲ್ಲವೇ ಒಂದೇ ದಿನ ಎರಡು. ಆಗಲೂ ನಡುವೆ 6 ಗಂಟೆ ಕನಿಷ್ಠ. ಬೆನ್ನುಹುರಿಯ ರಿಪೇರಿ ಇನ್ನೂ ನಿಧಾನ.

ದುಗ್ಗಮ್ಮನ ಜಾತ್ರೆ, ಯುಗಾದಿ ಅಂತ ಊರಿಗೆ ಹೋದವರು, ಗೆಡ್ಡೆ ಕರಗಿತಲ್ಲ ಎಂದು ತಿರುಗಿ ಬರದಿರುವುದುಂಟು. 1 ಸೆಂ.ಮೀ. ಗೆಡ್ಡೆಯಲ್ಲಿ ಸುಮಾರು 100 ಕೋಟಿ ಕೋಶ. ಒಂದು ಸಿಟಿಂಗಿಗೆ ಅರ್ಧ ಸಾಯುತ್ತವೆ ಎಂದು ಹಿಡಿಯಿರಿ: 30 ಸಲಕ್ಕೆ ಉಳಿಯುವುದು ಒಂದು. 25ಕ್ಕೇ ಬಿಟ್ಟರೆ ಕೈಗೆ ಏನೂ ಸಿಗುವುದಿಲ್ಲ, ಸ್ಕ್ಯಾನಿನಲ್ಲೂ ಕಾಣುವುದಿಲ್ಲ, ಒಳಗೆ 30 ಇರುತ್ತವೆ.