ಮಂಜಿಯಲ್ಲಿ ಹೋಗುವ ಸೊಪ್ಪು

ಮಂಗಳೂರಿನ ಹಳೆ ಬಂದರಿನ ಹತ್ತಿರ ನಮ್ಮದು ತರಕಾರಿ ವ್ಯಾಪಾರ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಸರಕು ಒಯ್ಯುವ ಮರದ ಹಡಗುಗಳಿಗೆ, ನಾವೂ ಮಾಲು ಕೊಡುತ್ತೇವೆ. ಈರುಳ್ಳಿ, ಆಲೂಗಡ್ಡೆ ಜಾಸ್ತಿ. ಹರಿವೆ, ಬಸಳೆ ಕಮ್ಮಿ, ದಾರಿಯಲ್ಲೇ ಬಾಡುತ್ತವೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಂಜಿಗಳೇ ಹೊರಡುವುದಿಲ್ಲ. ಆಗ ಅಲ್ಲಿನ ಮಕ್ಕಳ ತಟ್ಟೆಗೆ ಸೊಪ್ಪು, ಹಣ್ಣು ಎಲ್ಲಿಂದ ಬರಬೇಕು?

ಮೀನಿಗೇನೋ ಬರ ಇಲ್ಲ. ಲಕ್ಷದ್ವೀಪದ ಮಿನಿಕಾಯ್ ದ್ವೀಪದಲ್ಲಿ ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ 'ಮಾಸ್' ಮಾಡುತ್ತಾರೆ. ಕಟ್ಟಿಗೆಯಷ್ಟು ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮಲ್ಲಿಗೆ ಬರುವ ಖಲಾಸಿಯೊಬ್ಬರು, ಮಂಜಿಯಲ್ಲಿ ಕೆಲಸ ಮಾಡುವವರು, ಒಂದು ತುಂಡು ಕುಟ್ಟಿ, ತೆಂಗಿನತುರಿ, ಈರುಳ್ಳಿ ಜೊತೆ ಅನ್ನಕ್ಕೆ ಕಲಸಿ ಕೊಟ್ಟರು. ಒಳ್ಳೆ ಪ್ರೋಟೀನು, ಕಬ್ಬಿಣದ ಅಂಶ. ಬೆಳೆಯುವ ಮಕ್ಕಳಿಗೆ ಇನ್ನೇನು ಬೇಕು, ಅಲ್ವಾ?

ಆದರೆ ಈಗ ಮಂಜಿಗೆ ಬಿಸ್ಕೆಟ್, ನೂಡಲ್ಸ್ ಪೆಟ್ಟಿಗೆಗಳೂ ರಾಶಿ ರಾಶಿ ಏರುತ್ತವೆ. ನೋಡಿದರೆ ಸಂಕಟ ಆಗುತ್ತದೆ. ಹುಟ್ಟಿದ ಮೊದಲ ಎರಡು ವರ್ಷ ಪೌಷ್ಟಿಕ ಊಟ ಸಿಗದಿದ್ದರೆ ಮಗುವಿನ ಎತ್ತರ ಕುಗ್ಗುತ್ತದೆ, ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಬಿಸ್ಕೆಟಿನಿಂದ ಹೊಟ್ಟೆ ತುಂಬಬಹುದು, ಮಗು ಬೆಳೆಯುವುದಿಲ್ಲ.

ನುಗ್ಗೆ ಮರಳು ನೆಲದಲ್ಲೂ ಬರುತ್ತದೆ. ಹಾಗಾಗಿ ಈ ಸಲ ಮಳೆಗೆ ಮುಂಚಿನ ಕೊನೆಯ ಮಂಜಿಯಲ್ಲಿ ನುಗ್ಗೆ ಕೊಂಬೆಗಳ ಒಂದು ಕಟ್ಟು ಕಳಿಸಿದೆ. ಅಂಗನವಾಡಿ ಅಂಗಳದಲ್ಲಿ ನೆಡಿಸುತ್ತೇನೆ ಎಂದಿದ್ದಾರೆ ಆ ಖಲಾಸಿ.