ಹಗಲಿನ ಲೆಕ್ಕಕ್ಕೆ ಸೂರ್ಯೋದಯವೊಂದೇ ಸಾಲದು

ಜನವರಿಯಲ್ಲಿ ಬೆಂಗಳೂರಿನಲ್ಲಿ ಬೆಳಕು ಹರಿಯುವುದು ದಿನೇದಿನೇ ತಡವಾಗುವುದನ್ನು ನೋಡಿ, ಹಗಲು ಇನ್ನೂ ಕುಗ್ಗುತ್ತಿದೆ ಅಂದುಕೊಳ್ಳುವವರು ಬಹಳ. ಹಾಗಿಲ್ಲ. ಡಿಸೆಂಬರ್ 21ರಂದು ಸೂರ್ಯ ಹುಟ್ಟುವುದು ಸುಮಾರು 6:37ಕ್ಕೆ, ಮುಳುಗುವುದು 5:58ಕ್ಕೆ. ಜನವರಿ 28ಕ್ಕೆ ಸೂರ್ಯೋದಯ 6:46, ಸೂರ್ಯಾಸ್ತ 6:19. ಬೆಳಗ್ಗೆ 9 ನಿಮಿಷ ಹೋಯಿತು, ಸಂಜೆ 21 ನಿಮಿಷ ಬಂತು. ಹಗಲು ಬೆಳೆದಿದೆ.

ಸೂರ್ಯ ನೆತ್ತಿಯ ರೇಖೆ ದಾಟುವ ಹೊತ್ತೇ, ಅಂದರೆ ನಡುಹಗಲೇ, ಸರಿಯುವುದು ಇದಕ್ಕೆ ಕಾರಣ. ಭೂಮಿಯ ಅಕ್ಷ ಓರೆ; ಜೊತೆಗೆ ಜನವರಿ ಮೊದಲ ವಾರ ಅದು ಸೂರ್ಯನಿಗೆ ಅತಿ ಹತ್ತಿರವಿದ್ದು ವೇಗವಾಗಿ ಸಾಗುತ್ತಿರುತ್ತದೆ. ಹಾಗಾಗಿ ಡಿಸೆಂಬರ್ ಕೊನೆಗೆ ನಡುಹಗಲು ದಿನಕ್ಕೆ ಸುಮಾರು 30 ಸೆಕೆಂಡು ತಡವಾಗುತ್ತದೆ. ನಮ್ಮಲ್ಲಿ ಆಗ ಹಗಲು ಬೆಳೆಯುವುದು ದಿನಕ್ಕೆ ಕೆಲವೇ ಸೆಕೆಂಡು, ಅದಕ್ಕೇ ನಡುಹಗಲು ಹೀಗೆ ಸರಿಯುವುದೇ ಗೆಲ್ಲುತ್ತದೆ. ಲಂಡನ್ನಿನಲ್ಲಿ ಹಗಲು ಬೇಗ ಬೆಳೆಯುವುದರಿಂದ ಹೊಸವರ್ಷದ ಹೊತ್ತಿಗೇ ಸೂರ್ಯೋದಯ ಮತ್ತೆ ಬೇಗವಾಗತೊಡಗುತ್ತದೆ.

ಹಗಲಿನ ಉದ್ದಕ್ಕೆ ಬಂದರೆ ಅಕ್ಷಾಂಶದ್ದೇ ಆಟ. ಬೆಂಗಳೂರಿನ ಹಗಲು ಜೂನ್‌ನಲ್ಲಿ 12 ಗಂಟೆ 53 ನಿಮಿಷ, ಡಿಸೆಂಬರ್‌ನಲ್ಲಿ 11 ಗಂಟೆ 21 ನಿಮಿಷ. ಬೀದರ್‌ನಲ್ಲಿ 13 ಗಂಟೆ 12 ನಿಮಿಷ ಮತ್ತು 11 ಗಂಟೆ 3 ನಿಮಿಷ. ಒಂದೇ ರಾಜ್ಯದೊಳಗೆ ಇಷ್ಟು ಅಂತರ! ಲಂಡನ್‌ನಲ್ಲಿ 16 ಗಂಟೆ 38 ನಿಮಿಷ ಮತ್ತು 7 ಗಂಟೆ 50 ನಿಮಿಷ. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಮಾರ್ಚ್ 20ರ ಸುಮಾರಿಗೆ ಬೆಂಗಳೂರಿನ ಹಗಲು ದಿನಕ್ಕೆ ಮುಕ್ಕಾಲು ನಿಮಿಷ ಬೆಳೆದರೆ, ಲಂಡನ್ನಿನದು ಸುಮಾರು 4 ನಿಮಿಷ. ಆ ದಿನ ಹಗಲು–ರಾತ್ರಿ ಸರಿಸಮ ಎನ್ನುವುದೂ ಪೂರ್ತಿ ನಿಜವಲ್ಲ. ಗಾಳಿ ಬೆಳಕನ್ನು ಬಾಗಿಸುತ್ತದೆ, ಸೂರ್ಯನ ಮೇಲಂಚು ಕಂಡೊಡನೆ ಉದಯ ಎನ್ನುತ್ತೇವೆ. ಇವೆರಡರಿಂದ ನಮ್ಮಲ್ಲಿ ಹಗಲಿಗೆ 7 ನಿಮಿಷ ಹೆಚ್ಚು ಸಿಗುತ್ತದೆ.

ಈ ಲೆಕ್ಕ ಸೇವಂತಿಗೆ ಬೆಳೆಗಾರರಿಗೆ ಬಹಳ ಮುಖ್ಯ. ಗಿಡ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು; ಅದು ಉದ್ದವಾದರೆ ಮೊಗ್ಗು ಕಟ್ಟುತ್ತದೆ. ಜೂನ್‌ನಲ್ಲೂ ನಮ್ಮ ರಾತ್ರಿ 11 ಗಂಟೆ ಇರುವುದರಿಂದ, ಕಾಂಡ ಉದ್ದವಾಗುವ ಮೊದಲೇ ಮೊಗ್ಗು ಕಟ್ಟುತ್ತದೆ. ಆದ್ದರಿಂದ ಪಾಲಿಹೌಸ್‌ಗಳಲ್ಲಿ ನಾಟಿಯಾದ ಮೇಲೆ ಮೊದಲ ಕೆಲವು ವಾರ ರಾತ್ರಿ 10ರಿಂದ 2ರವರೆಗೆ ಲೈಟ್ ಹಾಕಿ ಕತ್ತಲನ್ನು ಎರಡು ತುಂಡು ಮಾಡುತ್ತಾರೆ. ಸಂಜೆಯೇ ನಾಲ್ಕು ಗಂಟೆ ಉರಿಸುವುದಕ್ಕಿಂತ ನಡುರಾತ್ರಿ ಉರಿಸುವುದು ಒಳ್ಳೆಯದು, ಏಕೆಂದರೆ ಎರಡು ಬದಿಯ ಕತ್ತಲೂ ಗಿಡ್ಡವಾಗುತ್ತದೆ. ಬೆಳಕಿನಲ್ಲಿ ಕೆಂಪು ಅಂಶ ಇರಲೇಬೇಕು.

ಕೆಡುವುದು ಎರಡು ಕಡೆ. ಲೈಟ್ ಹಾಕುವ ವಾರಗಳಲ್ಲಿ ರಾತ್ರಿ ಕರೆಂಟು ಮತ್ತೆಮತ್ತೆ ಹೋದರೆ ಗಿಡ್ಡ ಕಾಂಡದಲ್ಲೇ ಮೊಗ್ಗು ಬರುತ್ತದೆ. ಲೈಟ್ ನಿಲ್ಲಿಸಿದ ಮೇಲೆ ಬೀದಿದೀಪದ ಬೆಳಕು ಒಳಗೆ ಬಿದ್ದರೆ ಆ ಬದಿಯ ಸಾಲು ಮಾತ್ರ ತಡವಾಗಿ ಅರಳಿ, ಕೊಯ್ಲು ಒಟ್ಟಿಗೆ ಸಿಗುವುದಿಲ್ಲ. ಆ ಬದಿಗೆ ಕಪ್ಪು ಪರದೆ ಕಟ್ಟುವುದು ಒಂದು ದಾರಿ.